ಎಫ್ ಕಾಲಾಳು

ಪುಟ್ಟಿ,

ನಾಳೆ ಧಾರವಾಡದ ಬಸ್ಸು ಹತ್ತಿಸುವಾಗ ನನಗೆ ಮಾತು ಹೊರಡೋದಿಲ್ಲ. ಅದಕ್ಕೇ ಇದನ್ನು ನಿನ್ನ ಚೆಸ್ ಬೋರ್ಡಿನ ಚೀಲದೊಳಗೆ ಇಡ್ತಿದ್ದೇನೆ. ಮೊನ್ನೆ ಟೂರ್ನಿ ಕ್ಯಾಂಟೀನಿನಲ್ಲಿ ನಾನು ಆಡಿದ ಮಾತು ಇಬ್ಬರಿಗೂ ಗೊತ್ತಿದೆ, ಮತ್ತೆ ಬರೆಯಲ್ಲ.

ಆದರೆ ಆ ಕಿಟಕಿ ನನ್ನನ್ನು ಬಿಡ್ತಿಲ್ಲ. ಅಪ್ಪ ಅಮ್ಮಂದಿರನ್ನು ಹಾಲ್ ಒಳಗೆ ಬಿಡಲ್ಲವಲ್ಲ, ಸರಳಿಗೆ ಮೂಗೊತ್ತಿ ನಿಂತಿದ್ದೆ. ಎರಡನೇ ನಡೆಗೇ ನೀನು ಎಫ್ ಕಾಲಾಳನ್ನು ಎರಡು ಮನೆ ತಳ್ಳಿದೆ. ಎದುರಾಳಿ ಅದನ್ನು ಹೊಡೆದ. ಈಗಲಾದರೂ ಕುದುರೆ ತೆಗೀತಾಳೆ ಅಂದ್ಕೊಂಡೆ, ನೀನು ಒಂಟೆ ತೆಗೆದೆ. ಅವನ ರಾಣಿ ಎಚ್4ಕ್ಕೆ ಬಂದು ಚೆಕ್. ನಿನ್ನ ರಾಜ ಎಫ್1ಕ್ಕೆ ಸರಿದ, ರಾಜನನ್ನು ಆನೆಯ ಮರೆಗೆ ಸೇರಿಸೋ ಕ್ಯಾಸ್ಲಿಂಗ್ ಹೋಯ್ತು. ಆಗ ನೀನು ಚಪ್ಪಲಿ ಕಳಚಿ ಬಲಗಾಲನ್ನು ಕುರ್ಚಿ ಮೇಲೆ ಮಡಚಿಕೊಂಡೆ, ಮೂರು ವರ್ಷದವಳಿದ್ದಾಗ ಊಟಕ್ಕೆ ಕೂರ್ತಿದ್ದ ಹಾಗೆ. ಸೋತ ಮೇಲೆ ಕೈ ಕುಲುಕಿ, ಸಹಿ ಹಾಕಿ, ಅವನ ಕಾಯಿಗಳನ್ನೂ ಸೇರಿಸಿ ಎಲ್ಲವನ್ನೂ ಜೋಡಿಸಿಟ್ಟೆ. ಆಮೇಲೆ ಮೇಜಿನಡಿ ಕಾಲಲ್ಲೇ ತಡಕಿ ಚಪ್ಪಲಿ ಹುಡುಕಿದೆ. ಅಷ್ಟೆಲ್ಲ ನೋಡ್ತಾ ನಿಂತವನ ತಲೆಯಲ್ಲಿ ಇದ್ದದ್ದು ಇಷ್ಟೇ: ಪುಕ್ಕಟೆ ಕಾಲಾಳು ಕೊಟ್ಟಳಲ್ಲ! ಅಂಗಡಿಯವನ ಬುದ್ಧಿ.

ಅಂಗಡಿ ಮುಚ್ಚಿದ ಮೇಲೆ ಹಳೇ ಆಟಗಳನ್ನು ನೋಡಿದೆ. 1960ರಲ್ಲಿ ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾದಲ್ಲಿ ಸೋವಿಯತ್ ಆಟಗಾರ ಸ್ಪಾಸ್ಕಿ ಇದೇ ಕಿಂಗ್ಸ್ ಗ್ಯಾಂಬಿಟ್, ಅಂದ್ರೆ ಎಫ್ ಕಾಲಾಳನ್ನು ಬಲಿಕೊಡೋ ಈ ಆರಂಭವನ್ನೇ ಆಡಿ, ಅಮೆರಿಕದ ಹದಿನೇಳರ ಫಿಷರ್‌ನನ್ನು 29 ನಡೆಗಳಲ್ಲಿ ಸೋಲಿಸಿದ್ದ. ಮರುವರ್ಷ ಫಿಷರ್, ಈ ಗ್ಯಾಂಬಿಟ್ ಆಡಿದವನಿಗೆ ಸೋಲೇ ಗತಿ ಅಂತ ಲೇಖನವನ್ನೇ ಬರೆದ. ನೋಡಿದ್ಯಾ, ನಾನು ಹೇಳಲಿಲ್ವಾ ಅಂತ ಬೀಗಿದೆ. ಮುಂದೆ ಹೋದರೆ 1963, ಅಮೆರಿಕದ ಚಾಂಪಿಯನ್‌ಷಿಪ್, ಎದುರಿಗೆ ಲ್ಯಾರಿ ಇವಾನ್ಸ್. ಬಿಳಿ ಕಾಯಿ ಹಿಡಿದ ಅದೇ ಫಿಷರ್ ಅದೇ ಕಾಲಾಳು ತಳ್ಳಿ, ಕುದುರೆ ಬಿಟ್ಟು ಒಂಟೆ ತೆಗೆದಿದ್ದಾನೆ. ಎಚ್4ರಲ್ಲಿ ಚೆಕ್, ರಾಜ ಎಫ್1ಕ್ಕೆ. ಒಂದೊಂದೂ ನಿನ್ನ ನಡೆ. ಆ ಆಟ ಗೆದ್ದ, ಆ ಸಲ 11ಕ್ಕೆ 11 ಗೆದ್ದ. ನಾನು ಸುಮ್ಮನೆ ಕೂತೆ.

ತಪ್ಪಾಯ್ತು ಕಣೆ. ಹಾಗಂತ ನೀನು ಆಡಿದ್ದೆಲ್ಲ ಸರಿ ಅಂತಲ್ಲ. ಕಾಯಿ ಕೊಟ್ಟ ಮೇಲೆ ಉಳಿದವು ಓಡೋಡಿ ಬರಬೇಕು, ನಿನ್ನ ಎ ಆನೆ ಕೊನೆವರೆಗೂ ಮೂಲೆ ಬಿಡಲಿಲ್ಲ. ಗಡಿಯಾರ ನೋಡೋದನ್ನು ಕಲಿ. ಆಟದ ದಿನ ತಿಂಡಿ ಬಿಡಬೇಡ. ಹಾಸ್ಟೆಲ್‌ನಲ್ಲಿ ರಾತ್ರಿ ಎರಡರವರೆಗೆ ಫೋನು ಹಿಡಿದು... ಶುರುವಾಯ್ತು ನನ್ನದು.

ನೀನು ಬಿಸಾಕಿದ ಸ್ಕೋರ್‌ಶೀಟ್ ಬುಟ್ಟಿಯಿಂದ ಎತ್ತಿಟ್ಟಿದ್ದೇನೆ. ದಿನಾ ರಾತ್ರಿ ಹದಿಮೂರನೇ ನಡೆವರೆಗೆ ಆಡ್ತೀನಿ, ಹದಿನಾಲ್ಕನೆಯದು ಡಿ5ಓ ಬಿ5ಓ ನಿನ್ನ ಅಕ್ಷರದಲ್ಲಿ ತಿಳೀತಿಲ್ಲ. ತಲುಪಿದ ಮೇಲೆ ಅದನ್ನಾದರೂ ಫೋನ್ ಮಾಡಿ ಹೇಳು.

ಅಪ್ಪ