ಹಳೆಯ ‘ಡಾಕ್ಟರ್ ಹೂ’ ಕಂತುಗಳನ್ನು ಮತ್ತೆ ನೋಡುತ್ತಾ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಕಾಲದಲ್ಲಿ ಅಲೆದಾಡುವ ಡಾಕ್ಟರ್ ಎಂಬುವನ ಸಾಹಸಗಳನ್ನು ಹೇಳುವ ಬಿಬಿಸಿ ಧಾರಾವಾಹಿ ‘ಡಾಕ್ಟರ್ ಹೂ’ವಿನ 2005ರಿಂದ ಈಚಿನ ಕಂತುಗಳನ್ನು ಅಷ್ಟು ಪ್ರೀತಿಯಿಂದ ನೋಡಿರುವ ನೀನು, ಹಿಂದಿನ ಕಾಲದ ಒಂದು ಕಥಾನಕಕ್ಕೆ ಕೈಹಾಕಿ ಅರ್ಧಕ್ಕೇ ಬಿಟ್ಟೆ ಎಂದು ಬರೆದಿದ್ದೀಯೆ. ಗೋಡೆಗಳು ಅಲುಗಾಡುತ್ತವೆ, ರಾಕ್ಷಸರ ವೇಷದ ಹೊಲಿಗೆ ಕಾಣುತ್ತದೆ, ಯಾರನ್ನೋ ಸೆರೆಹಿಡಿಯುವುದು, ಬಿಡಿಸುವುದು ಇದರಲ್ಲೇ ಎರಡು ಗಂಟೆ ಕಳೆದುಹೋಗುತ್ತದೆ. ಇಷ್ಟಾದರೂ ಇವನ್ನು ಮತ್ತೆ ಮತ್ತೆ ನೋಡುವುದರಲ್ಲಿ ಏನಿದೆ ಎಂಬುದು ನಿನ್ನ ಪ್ರಶ್ನೆ. ಇದಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕೆನ್ನಿಸಿದೆ. 1963ರಿಂದ 1989ರವರೆಗಿನ ಕಂತುಗಳನ್ನು ನಾನೀಗ ಮೊದಲಿನಿಂದ ಕ್ರಮವಾಗಿ ನೋಡುತ್ತಿದ್ದೇನೆ. ಅವುಗಳಲ್ಲಿ ಯಾವುದು ಶ್ರೇಷ್ಠ, ಯಾವುದು ಕಳಪೆ ಎಂದು ಅಭಿಮಾನಿಗಳ ನಡುವೆ ರೂಢಿಯಾಗಿರುವ ತೀರ್ಪುಗಳಲ್ಲಿ ಎಷ್ಟೋ ತೀರ್ಪುಗಳು, ಕಂತನ್ನೇ ಎದುರಿಗಿಟ್ಟುಕೊಂಡು ನೋಡಿದಾಗ ನಿಲ್ಲುವುದಿಲ್ಲ ಎಂದು ನನಗೆ ಖಚಿತವಾಗುತ್ತಿದೆ.

ಮೊದಲು, ನೋಡುವ ಕ್ರಮದ ಮಾತು. ಆ ಕಾಲದ ಹೆಚ್ಚಿನ ಕಂತುಗಳು ಸುಮಾರು 25 ನಿಮಿಷದವು. ಶನಿವಾರ ಸಂಜೆ ಒಂದು ಕಂತು ಪ್ರಸಾರವಾದರೆ ಮುಂದಿನದಕ್ಕೆ ಒಂದು ವಾರ ಕಾಯಬೇಕಿತ್ತು. ತಪ್ಪಿಹೋದ ಕಂತನ್ನು ಮನೆಯಲ್ಲಿ ಹಾಕಿಕೊಂಡು ನೋಡುವ ಸೌಕರ್ಯ ಅರವತ್ತರ ದಶಕದಲ್ಲಿ ಯಾರಿಗೂ ಇರಲಿಲ್ಲ. ಆದ್ದರಿಂದಲೇ ಲೇಖಕರು ಪ್ರತಿ ಕಂತಿನ ಕೊನೆಗೆ ಒಂದು ಗಂಡಾಂತರವನ್ನು ಇಟ್ಟು, ಮುಂದಿನ ಕಂತಿನ ಆರಂಭದಲ್ಲಿ ಅದನ್ನು ಬಿಡಿಸಿ, ನಡುವೆ ಕಥೆಯನ್ನು ಒಂದೇ ಒಂದು ಹೆಜ್ಜೆ ಮುಂದಕ್ಕೆ ಇಡುತ್ತಿದ್ದರು. ಆರು ಕಂತುಗಳನ್ನು ಒಂದೇ ರಾತ್ರಿ ನೋಡಿದರೆ ಓಡುವುದು, ಸಿಕ್ಕಿಬೀಳುವುದು, ತಪ್ಪಿಸಿಕೊಳ್ಳುವುದು ಇವಷ್ಟೇ ಎದ್ದು ಕಾಣುತ್ತವೆ; ದಿನಕ್ಕೊಂದರಂತೆ ನೋಡಿದರೆ ಅದೇ ಕಥೆಗೆ ಉಸಿರಾಡಲು ಜಾಗ ಸಿಗುತ್ತದೆ. ಅಂದಿನ ವಿಡಿಯೊ ಟೇಪನ್ನು ಕತ್ತರಿಸಿ ಜೋಡಿಸುವುದು ದುಬಾರಿಯೂ ತೊಡಕಿನದೂ ಆಗಿದ್ದರಿಂದ, ಲಂಡನ್ನಿನ ಲೈಮ್ ಗ್ರೋವ್‌ನ ಇಕ್ಕಟ್ಟಾದ ಸ್ಟುಡಿಯೊದಲ್ಲಿ ದೃಶ್ಯಗಳನ್ನು ಹೆಚ್ಚುಕಡಿಮೆ ನಾಟಕದಂತೆ ಒಂದರ ಹಿಂದೊಂದು ಆಡಿ ಮುಗಿಸುತ್ತಿದ್ದರು. ಡಾಕ್ಟರನ ಪಾತ್ರವನ್ನು ಒಬ್ಬರಾದ ಮೇಲೊಬ್ಬರಂತೆ ಬೇರೆ ಬೇರೆ ನಟರು ಮಾಡಿದ್ದಾರೆ; ಅವರಲ್ಲಿ ಮೊದಲಿಗ ವಿಲಿಯಂ ಹಾರ್ಟ್‌ನೆಲ್ ಅಲ್ಲಲ್ಲಿ ಮಾತು ತಡವರಿಸಿದ್ದು ಹಾಗೆಯೇ ಉಳಿದಿರುವುದಕ್ಕೆ ಇದೇ ಕಾರಣ. ಯಕ್ಷಗಾನದ ರಂಗಸ್ಥಳದಲ್ಲಿ ರಥ ಎಲ್ಲಿದೆ ಎಂದು ನಾವು ಹುಡುಕುವುದಿಲ್ಲವಲ್ಲ, ವೇಷಧಾರಿಯ ಹೆಜ್ಜೆಯಲ್ಲೇ ಅದನ್ನು ಕಾಣುತ್ತೇವಲ್ಲ. ಈ ಕಂತುಗಳೂ ಅಂಥದೇ ಒಪ್ಪಂದವನ್ನು ನೋಡುಗನಿಂದ ಬಯಸುತ್ತವೆ. ಅಂದಮಾತ್ರಕ್ಕೆ ಅವುಗಳ ಎಲ್ಲ ಕೊರತೆಗಳನ್ನೂ ಮನ್ನಿಸಬೇಕೆಂದು ನಾನು ಹೇಳುತ್ತಿಲ್ಲ. ಗೋಡೆ ಅಲುಗಿದ್ದನ್ನು ಬಿಟ್ಟುಬಿಡೋಣ, ಕಥೆ ಅಲುಗಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ ಎನ್ನುತ್ತೇನೆ.

2023ರಲ್ಲಿ ಧಾರಾವಾಹಿಯ ಅರವತ್ತನೆಯ ವರ್ಷಕ್ಕೆಂದು, ಡಾಲೆಕ್‌ಗಳೆಂಬ ಲೋಹದ ಕವಚದ ಶತ್ರುಗಳು ಮೊದಲು ಕಾಣಿಸಿಕೊಂಡ ಏಳು ಕಂತುಗಳ ಕಥಾನಕಕ್ಕೆ ಬಣ್ಣ ತುಂಬಿ, 75 ನಿಮಿಷಗಳಿಗೆ ಇಳಿಸಿ ಪ್ರಸಾರ ಮಾಡಿದರು. ಹೊಸಬರನ್ನು ಕರೆತರಲು ಅದು ಉಪಯೋಗವಾದೀತು. ನೀನು ಮಾತ್ರ ಕಪ್ಪುಬಿಳುಪಿನ ಮೂಲವನ್ನೇ ನೋಡಬೇಕೆಂದು ನನ್ನ ಆಸೆ. ಲೋಹದ ನಗರದ ಓಣಿಗಳಲ್ಲಿ ಡಾಕ್ಟರನ ಜೊತೆಗಿರುವ ಉಪಾಧ್ಯಾಯಿನಿ ಬಾರ್ಬರಾ ಒಬ್ಬಳೇ ದಾರಿ ತಪ್ಪಿ ಅಲೆಯುವ ಆ ದೀರ್ಘ ನಿಮಿಷಗಳಿಂದಲೇ ಮೊದಲ ಡಾಲೆಕ್ ನಮಗೆ ಭಯ ಹುಟ್ಟಿಸುತ್ತದೆ. ಅವನ್ನು ಕತ್ತರಿಸಿದರೆ ಉಳಿಯುವುದು ಬರಿಯ ಘಟನೆ.

ಇನ್ನು ಮೊಟ್ಟಮೊದಲ ಕಥಾನಕ. 1963ರ ನವೆಂಬರ್ 23ರಂದು, ಕೆನಡಿಯವರ ಹತ್ಯೆಯಾದ ಮರುದಿನ, ‘ಆ್ಯನ್ ಅನರ್ಥ್ಲಿ ಚೈಲ್ಡ್’ ಪ್ರಸಾರವಾಯಿತು. ಅದರ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27 ವರ್ಷ. ನಿರ್ದೇಶಕ ವಾರಿಸ್ ಹುಸೇನ್‌ಗೆ 24. ವಾರಿಸ್ ಹುಟ್ಟಿದ್ದು ಲಖನೌದಲ್ಲಿ, ಲೇಖಕಿ ಅತಿಯಾ ಹೊಸೇನ್ ಅವರ ಮಗನಾಗಿ. ಜಗತ್ತಿನ ಅತಿ ದೀರ್ಘ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯೊಂದರ ಮೊದಲ ಚಿತ್ರಿಕೆಗಳನ್ನು ರೂಪಿಸಿದ್ದು ನಮ್ಮ ದೇಶದಲ್ಲಿ ಹುಟ್ಟಿದ ಒಬ್ಬ ಯುವಕ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಈ ಕಥಾನಕದ ಮೊದಲ ಕಂತನ್ನು ಎಲ್ಲರೂ ಹೊಗಳುತ್ತಾರೆ, ಆದಿಮಾನವರ ನಡುವೆ ನಡೆಯುವ ಉಳಿದ ಮೂರನ್ನು ಬೇಸರದ ಬಾಲ ಎಂಬಂತೆ ತಳ್ಳಿಹಾಕುತ್ತಾರೆ. ಈ ಸಲ ನಾನು ಗಮನವಿಟ್ಟು ನೋಡಿದ್ದು ಆ ಮೂರನ್ನೇ. ಬೆಂಕಿ ಮಾಡಬಲ್ಲವನೇ ಕುಲದ ಒಡೆಯ ಎಂಬ ಒಂದೇ ಸೂತ್ರದ ಮೇಲೆ ಅಲ್ಲಿ ಅಧಿಕಾರದ ಇಡೀ ಹೋರಾಟ ನಡೆಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕಾಡಿನ ಒಂದು ಗಳಿಗೆ: ಗಾಯಗೊಂಡು ಬಿದ್ದಿರುವ ಆದಿಮಾನವನ ಪಕ್ಕದಲ್ಲಿ ಡಾಕ್ಟರ್ ಚೂಪಾದ ಕಲ್ಲೊಂದನ್ನು ಕೈಗೆತ್ತಿಕೊಳ್ಳುತ್ತಾನೆ, ಶಾಲಾ ಮೇಷ್ಟ್ರು ಇಯಾನ್ ಅವನ ಕೈ ಹಿಡಿಯುತ್ತಾನೆ. ನೀನು ಮೆಚ್ಚಿರುವ ಇಂದಿನ ಕರುಣಾಳು ಡಾಕ್ಟರ್ ಆರಂಭದಲ್ಲಿ ಹಾಗಿರಲಿಲ್ಲ; ಇಬ್ಬರು ಸಾಮಾನ್ಯ ಉಪಾಧ್ಯಾಯರ ಸಹವಾಸದಲ್ಲಿ ಅವನು ಕರುಣೆಯನ್ನು ಕಲಿತ. ಆ ಮೂರು ಕಂತುಗಳನ್ನು ಬಿಟ್ಟು ಮುಂದೆ ಹೋದವರಿಗೆ ಈ ಕಲಿಕೆ ಎಲ್ಲಿ ಶುರುವಾಯಿತೆಂದು ತಿಳಿಯುವುದೇ ಇಲ್ಲ.

ಮರುಮೌಲ್ಯಮಾಪನಕ್ಕೆ ಇಡೀ ಧಾರಾವಾಹಿಯಲ್ಲೇ ದೊಡ್ಡ ನಿದರ್ಶನ ಯಾವುದೆಂದು ನೀನು ಕೇಳಿದರೆ ನಾನು ‘ದಿ ಎನಿಮಿ ಆಫ್ ದಿ ವರ್ಲ್ಡ್’ ಎಂಬ ಕಥಾನಕವನ್ನು ಹೆಸರಿಸುತ್ತೇನೆ. ಅದರ ಹಿನ್ನೆಲೆಯನ್ನು ಹೇಳದೆ ಮುಂದುವರಿಯಲಾಗದು. ಬಿಬಿಸಿ ಅರವತ್ತು, ಎಪ್ಪತ್ತರ ದಶಕಗಳಲ್ಲಿ ತನ್ನ ಹಳೆಯ ಕಾರ್ಯಕ್ರಮಗಳನ್ನು ಅಳಿಸಿಹಾಕುತ್ತಿತ್ತು. ವಿಡಿಯೊ ಟೇಪಿಗೆ ಬೆಲೆ ಹೆಚ್ಚು, ಅದನ್ನು ಅಳಿಸಿ ಮತ್ತೆ ಬಳಸಬಹುದಿತ್ತು, ಮರುಪ್ರಸಾರಕ್ಕೆ ಕಲಾವಿದರ ಸಂಘದೊಂದಿಗಿನ ಒಪ್ಪಂದಗಳು ಮಿತಿ ಹಾಕಿದ್ದವು, ಬಣ್ಣದ ಟಿ.ವಿ. ಬಂದ ಮೇಲೆ ಕಪ್ಪುಬಿಳುಪಿನ ಕಂತುಗಳನ್ನು ಕೇಳುವವರಿರಲಿಲ್ಲ. ಹೊರದೇಶಗಳಿಗೆ ಮಾರಲೆಂದು 16 ಎಂಎಂ ಫಿಲ್ಮಿನ ಪ್ರತಿಗಳನ್ನು ತೆಗೆದಿದ್ದರು, ಕ್ರಮೇಣ ಅವನ್ನೂ ಎಸೆದರು. ಹೀಗೆ ಮೊದಲ ಆರು ವರ್ಷಗಳ 253 ಕಂತುಗಳಲ್ಲಿ ನೂರಕ್ಕೂ ಹೆಚ್ಚು ಕಂತುಗಳ ಚಿತ್ರ ಕಣ್ಮರೆಯಾಯಿತು. ಅವುಗಳ ಧ್ವನಿ ಮಾತ್ರ ಪೂರ್ತಿಯಾಗಿ ಉಳಿದಿದೆ. ಆ ಶನಿವಾರಗಳಲ್ಲಿ ಟಿ.ವಿ.ಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕುಳಿತ ಅಭಿಮಾನಿಗಳಿಗೆ ನಾವು ಅದಕ್ಕಾಗಿ ಋಣಿಗಳು.

‘ದಿ ಎನಿಮಿ ಆಫ್ ದಿ ವರ್ಲ್ಡ್’ 1967ರ ಡಿಸೆಂಬರಿನಿಂದ 1968ರ ಜನವರಿಯವರೆಗೆ ಆರು ಕಂತುಗಳಲ್ಲಿ ಬಂದದ್ದು. ದಶಕಗಳ ಕಾಲ ಅದರಲ್ಲಿ ಉಳಿದದ್ದು ಮೂರನೆಯ ಕಂತು ಒಂದೇ. ದುರದೃಷ್ಟವೆಂದರೆ, ಆರರಲ್ಲಿ ಅತ್ಯಂತ ನಿಧಾನದ್ದು ಅದೇ. ಹೆಚ್ಚಿನ ಕಾಲ ಅಡುಗೆಮನೆಯಲ್ಲಿ, ಓಣಿಯಲ್ಲಿ ಕಳೆಯುತ್ತದೆ. ಅದೇ ವರ್ಷದ ಬೇರೆ ಕಥಾನಕಗಳಲ್ಲಿ ಸೈಬರ್‌ಮನ್‌ಗಳು, ಯೇತಿಗಳು, ಹಿಮಯೋಧರು ಇದ್ದರು, ಇದರಲ್ಲಿ ಒಂದೂ ರಾಕ್ಷಸವಿರಲಿಲ್ಲ. ಆರು ಕಂತುಗಳಲ್ಲಿ ಒಂದನ್ನಷ್ಟೇ ನೋಡಿ ಇಡೀ ಕಥೆ ಸಪ್ಪೆ ಎಂದು ತೀರ್ಮಾನಿಸಿದರು, ಆ ತೀರ್ಮಾನ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಬಂತು. ನೈಜೀರಿಯಾದ ಜೋಸ್ ನಗರದ ಟಿ.ವಿ. ಕೇಂದ್ರವೊಂದರಲ್ಲಿ, ಕಳೆದುಹೋದ ಹಳೆಯ ಕಾರ್ಯಕ್ರಮಗಳನ್ನು ಹುಡುಕುವ ಫಿಲಿಪ್ ಮಾರಿಸ್ ಅವರಿಗೆ ಫಿಲ್ಮಿನ ಡಬ್ಬಿಗಳು ದೊರೆತ ಸುದ್ದಿ 2013ರಲ್ಲಿ ಹೊರಬಂತು. ಕಾಣೆಯಾಗಿದ್ದ ಒಂಬತ್ತು ಕಂತುಗಳು ಒಮ್ಮೆಗೇ ಮರಳಿದವು. ಅವುಗಳಲ್ಲಿ ಐದು ಈ ಕಥಾನಕದ್ದು.

ಈಗ ಪೂರ್ತಿ ಕಥೆಯನ್ನು ನೋಡಿದರೆ ತಿಳಿಯುತ್ತದೆ, ಇದು ರಾಜಕೀಯ ಕಥೆಯೆಂದು. ಮುಂದೆ ಬ್ಯಾರಿ ಲೆಟ್ಸ್ ಇದೇ ಧಾರಾವಾಹಿಯ ನಿರ್ಮಾಪಕನಾದ. ಇದು ಅವನು ಇಲ್ಲಿ ನಿರ್ದೇಶಿಸಿದ ಮೊದಲ ಕಥಾನಕ. ಕಡಲತೀರದಲ್ಲಿ ಹೋವರ್‌ಕ್ರಾಫ್ಟ್, ಹೆಲಿಕಾಪ್ಟರ್‌ಗಳ ಬೆನ್ನಟ್ಟುವಿಕೆಯಿಂದ ಮೊದಲ ಕಂತು ತೆರೆದುಕೊಳ್ಳುತ್ತದೆ. ಸೂರ್ಯನ ಶಕ್ತಿಯನ್ನು ಹೊಲಗಳಿಗೆ ಹರಿಸಿ ಹಸಿದ ಜಗತ್ತಿಗೆ ಅನ್ನ ಕೊಟ್ಟವನೆಂದು ಜನ ಕೊಂಡಾಡುವ ಸಾಲಮಾಂಡರ್ ಒಳಗೊಳಗೇ ಸರ್ವಾಧಿಕಾರಿಯಾಗುತ್ತಿರುತ್ತಾನೆ, ಮತ್ತು ನೋಡಲು ಥೇಟ್ ಡಾಕ್ಟರನ ಹಾಗೆಯೇ ಇರುತ್ತಾನೆ. ಎರಡೂ ಪಾತ್ರ ಪ್ಯಾಟ್ರಿಕ್ ಟ್ರೌಟನ್‌ನದೇ. ಒಬ್ಬನಲ್ಲಿ ಹಿಂಜರಿಕೆ, ಚೇಷ್ಟೆ, ಮರುಕ. ಇನ್ನೊಬ್ಬನಲ್ಲಿ ಎದುರಿಗಿರುವವನ ದೌರ್ಬಲ್ಯವನ್ನು ತೂಗಿ ನೋಡುವ ನಿಶ್ಚಲ ಕಣ್ಣು. ಸಾಲಮಾಂಡರ್‌ನಂತೆ ನಟಿಸುತ್ತಿರುವ ಡಾಕ್ಟರ್ ಬಂದಾಗ ಇದು ಮೂರನೆಯದೇ ಒಂದು ಪಾತ್ರವಾಗುತ್ತದೆ; ಈ ಮೂರನ್ನೂ ನಡಿಗೆಯಲ್ಲೂ ಮಾತಿನಲ್ಲೂ ಬೇರೆಬೇರೆಯಾಗಿ ಕಾಣಿಸುವ ನಟನೆ ಅದು. ನಾಲ್ಕನೆಯ ಕಂತಿನಲ್ಲಿ ನೆಲದಡಿಯ ರಹಸ್ಯವೊಂದು ಬಯಲಾಗಿ, ಅಲ್ಲಿಯವರೆಗೆ ನೋಡಿದ್ದೆಲ್ಲ ಬೇರೆಯದೇ ಅರ್ಥ ಪಡೆಯುತ್ತದೆ. ಅದನ್ನು ನಾನಿಲ್ಲಿ ಬರೆಯುವುದಿಲ್ಲ, ನೀನೇ ನೋಡಬೇಕು. ಸರ್ವಾಧಿಕಾರಿಯ ಊಟವನ್ನು ಮೊದಲು ರುಚಿ ನೋಡಬೇಕಾದ ಫರಿಯಾ ಎಂಬ ಹೆಂಗಸಿನ ಪಾತ್ರವನ್ನು ಗಯಾನಾದಲ್ಲಿ ಹುಟ್ಟಿದ ಕಪ್ಪು ನಟಿ ಕಾರ್ಮೆನ್ ಮನ್ರೋ ವಹಿಸಿದ್ದಾಳೆ. ಆ ಪಾತ್ರದ ಘನತೆ, ಒಳಗೆ ಅದುಮಿಟ್ಟ ಸಿಟ್ಟು ಧ್ವನಿಮುದ್ರಿಕೆಯಲ್ಲಿ ಅರ್ಧವೂ ದಕ್ಕುತ್ತಿರಲಿಲ್ಲ. ಮೆಕ್ಸಿಕೋದವನೆಂದು ತೋರಿಸಲು ಸಾಲಮಾಂಡರ್‌ಗೆ ಬಳಿದ ಕಂದು ಬಣ್ಣ ಮಾತ್ರ ಇಂದು ಕಣ್ಣಿಗೆ ಚುಚ್ಚುತ್ತದೆ. ಅದನ್ನು ಮರೆಮಾಚಿ ಈ ಕಥಾನಕವನ್ನು ಹೊಗಳಲಾರೆ.

ಬಣ್ಣ ಬಳಿಯುವ ಈ ವಿಷಯ ‘ದಿ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್’ನಲ್ಲಿ ಅಂಚಿನ ಮಾತಾಗಿ ಉಳಿಯುವುದಿಲ್ಲ, ಕಥೆಯ ನಡುವಿಗೇ ಬರುತ್ತದೆ. 1977ರ ಈ ಆರು ಕಂತುಗಳು ಬಹುಕಾಲ ಅತ್ಯುತ್ತಮವಾದವುಗಳ ಪಟ್ಟಿಯಲ್ಲಿ ಮೇಲಿದ್ದವು. ಬರೆದವನು ರಾಬರ್ಟ್ ಹೋಮ್ಸ್, ಡಾಕ್ಟರ್ ಟಾಮ್ ಬೇಕರ್. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನ ಮಂಜು, ನಾಟಕಮಂದಿರ, ಜಾಗೊ ಮತ್ತು ಲೈಟ್‌ಫುಟ್ ಎಂಬ ಜೋಡಿಯ ಸಂಭಾಷಣೆ ಇವೆಲ್ಲ ಇಂದಿಗೂ ಸೊಗಸಾಗಿಯೇ ಇವೆ. ಆದರೆ ಚೀನಾದ ಜಾದೂಗಾರ ಲಿ ಸೆನ್ ಚಾಂಗ್‌ನ ಮುಖ್ಯ ಪಾತ್ರವನ್ನು ಬಿಳಿಯ ನಟ ಜಾನ್ ಬೆನೆಟ್ ಕಣ್ಣುರೆಪ್ಪೆಗಳನ್ನು ತಿದ್ದಿಸಿಕೊಂಡು ಮಾಡಿದ್ದಾನೆ. ಏಷ್ಯಾ ಮೂಲದ ನಟರಿಗೆ ಸಿಕ್ಕಿದ್ದು ಅವನ ಸುತ್ತ ಕೊಡಲಿ ಹಿಡಿದು ಓಡಾಡುವ ಸಣ್ಣ ಪಾತ್ರಗಳು. ಲಂಡನ್ನಿನ ಚೀನೀಯರೆಂದರೆ ಅಫೀಮು, ಗುಪ್ತಸಂಘ, ಕೊಲೆ ಎಂಬುದು ಇಲ್ಲಿ ಕಥೆಯ ಆಧಾರವೇ ಆಗಿದೆ. ಅದು ಆ ಕಾಲದ ರೀತಿ ಎನ್ನುವವರಿಗೆ ನಾನು ನೆನಪಿಸುವುದಿಷ್ಟೇ: ಆ ಕಾಲದಲ್ಲೇ ಕೆನಡಾದ ಟಿವಿ ಒಂಟಾರಿಯೊ ಇದನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ಬೆನೆಟ್‌ನ ಅಭಿನಯ ಚೆನ್ನಾಗಿದೆ ಎಂಬುದು ನಿಜ. ತಾನು ನಂಬಿದ ದೇವರೇ ತನ್ನನ್ನು ಕೈಬಿಟ್ಟನೆಂದು ಚಾಂಗ್ ಅರಿಯುವ ದೃಶ್ಯ ಮನಸ್ಸನ್ನು ಕಲಕುತ್ತದೆ. ಆ ಕಾರಣಕ್ಕೇ ನನಗೆ ಹೆಚ್ಚು ನೋವಾಗುತ್ತದೆ. ಇದನ್ನು ಶ್ರೇಷ್ಠ ಕಥಾನಕಗಳ ಸಾಲಿನಲ್ಲಿ ನಾನಿನ್ನು ಇಡುವುದಿಲ್ಲ. ನೋಡಲೇಬಾರದೆಂದೂ ಹೇಳುವುದಿಲ್ಲ, ಕಸುಬುದಾರಿಕೆ ಇಷ್ಟು ಉಚ್ಚಮಟ್ಟದಲ್ಲಿದ್ದಾಗಲೂ ಕೃತಿಯೊಂದು ಒಂದು ಜನಸಮುದಾಯಕ್ಕೆ ಎಷ್ಟು ಅನ್ಯಾಯ ಮಾಡಬಲ್ಲದೆಂದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

2018ರ ‘ಡೀಮನ್ಸ್ ಆಫ್ ದಿ ಪಂಜಾಬ್’ ನಿನಗೆ ಬಹಳ ಹಿಡಿಸಿತ್ತಲ್ಲವೇ? ವಿನಯ್ ಪಟೇಲ್ ಬರೆದ, ದೇಶವಿಭಜನೆಯ 1947ರಲ್ಲಿ ನಡೆಯುವ ಆ ಕಂತು. ಹಾಗಿದ್ದರೆ 1964ರ ‘ದಿ ಆ್ಯಜ್ಟೆಕ್ಸ್’ ನೋಡು, ನಾಲ್ಕೇ ಕಂತು. ಇತಿಹಾಸದ ಉಪಾಧ್ಯಾಯಿನಿ ಬಾರ್ಬರಾಳನ್ನು ಅಲ್ಲಿನ ಜನ ಹಿಂದಿನ ಪೂಜಾರಿಯೊಬ್ಬನ ಮರುಹುಟ್ಟೆಂದು ನಂಬುತ್ತಾರೆ. ಆ ಅಧಿಕಾರ ಬಳಸಿ ನರಬಲಿಯನ್ನು ನಿಲ್ಲಿಸಿಬಿಟ್ಟರೆ ಈ ನಾಗರಿಕತೆ ಉಳಿದೀತೆಂದು ಅವಳು ಆಸೆಪಡುತ್ತಾಳೆ. ಇತಿಹಾಸದ ಒಂದು ಸಾಲನ್ನೂ ತಿದ್ದಲಾಗದೆಂದು ಡಾಕ್ಟರ್ ಅವಳನ್ನು ತಡೆಯುತ್ತಾನೆ. ಅವಳು ಸೋಲುತ್ತಾಳೆ, ಬಲಿ ನಡೆಯುತ್ತದೆ, ಕ್ರೂರಿಯಾದ ಪೂಜಾರಿಯೇ ಗೆಲ್ಲುತ್ತಾನೆ. ಅವಳ ಮಾತಿಗೆ ಕಿವಿಗೊಟ್ಟ ಸಜ್ಜನ ಆಟ್ಲಾಕ್ ಮಾತ್ರ ಸತ್ಯವನ್ನು ಹುಡುಕುತ್ತಾ ಎಲ್ಲವನ್ನೂ ಬಿಟ್ಟು ಹೊರಡುತ್ತಾನೆ. ಪಂಜಾಬಿನ ಪ್ರೇಮ್‌ನ ಸಾವನ್ನು ತಡೆಯಲಾಗದೆ ಡಾಕ್ಟರ್ ಬೆನ್ನು ತಿರುಗಿಸಿ ನಡೆಯುವ ದೃಶ್ಯದ ಬೇರು ಇಲ್ಲಿದೆ. ಊರನ್ನೆಲ್ಲ ಒಂದು ಬಟ್ಟೆಯ ಮೇಲೆ ಚಿತ್ರಿಸಿ ಹಿಂದೆ ಕಟ್ಟಿದ್ದಾರೆ, ಹೌದು. ಜಾಕ್ವೆಲಿನ್ ಹಿಲ್‌ಳ ಮುಖದಲ್ಲಿ ಹಟ, ದಿಗ್ಭ್ರಮೆ, ದುಃಖ ಒಂದರ ಹಿಂದೊಂದು ಮೂಡುವಾಗ ಆ ಬಟ್ಟೆಯ ಕಡೆ ನಿನ್ನ ಗಮನ ಹೋಗುವುದಿಲ್ಲ. ಆ್ಯಜ್ಟೆಕ್ ಜನರ ಪಾತ್ರಗಳನ್ನೆಲ್ಲ ಬಿಳಿಯ ನಟರೇ ಮಾಡಿದ್ದಾರೆಂಬ ಆಕ್ಷೇಪ ಇಲ್ಲಿಯೂ ಉಂಟು. ಆದರೆ ಈ ಕಥೆ ಅವರಲ್ಲಿ ಸಜ್ಜನರನ್ನೂ ದುರ್ಜನರನ್ನೂ ವಿಚಾರವಂತರನ್ನೂ ಕಾಣುತ್ತದೆ. ‘ಟ್ಯಾಲನ್ಸ್’ನಲ್ಲಿ ಆ ಔದಾರ್ಯವಿಲ್ಲ.

ಎಂಬತ್ತರ ದಶಕದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2009ರಲ್ಲಿ ‘ಡಾಕ್ಟರ್ ಹೂ ಮ್ಯಾಗಜೀನ್’ ಅಲ್ಲಿಯವರೆಗಿನ 200 ಕಥಾನಕಗಳಿಗೆ ಓದುಗರಿಂದ ಮತ ಪಡೆದಾಗ 1984ರ ‘ದಿ ಕೇವ್ಸ್ ಆಫ್ ಆ್ಯಂಡ್ರೊಜಾನಿ’ ಮೊದಲನೆಯದಾಗಿ, ಅದರ ಬೆನ್ನಿಗೇ ಪ್ರಸಾರವಾದ ‘ದಿ ಟ್ವಿನ್ ಡಿಲೆಮಾ’ ಕೊನೆಯದಾಗಿ ಬಂತು. ಎರಡನ್ನೂ ಮತ್ತೆ ನೋಡಿದೆ. ಈ ವಿಷಯದಲ್ಲಿ ರೂಢಿಯ ತೀರ್ಪಿಗೆ ನನ್ನ ತಕರಾರಿಲ್ಲ. ‘ಟ್ವಿನ್ ಡಿಲೆಮಾ’ದಲ್ಲಿ ಹೊಸದಾಗಿ ಬಂದ ಡಾಕ್ಟರ್, ಅಂದರೆ ಕಾಲಿನ್ ಬೇಕರ್, ತನ್ನ ಜೊತೆಗಾತಿಯ ಕತ್ತು ಹಿಸುಕುವುದನ್ನು ಯಾವ ಕಾಲದ ನೆಪವೂ ಸಮರ್ಥಿಸಲಾರದು. ಆದರೆ ಆ ಒಂದು ಕಥಾನಕದ ಕಾರಣಕ್ಕೆ ಕಾಲಿನ್ ಬೇಕರ್‌ನ ಇಡೀ ಅವಧಿಯನ್ನು ಕಡೆಗಣಿಸುವವರು 1985ರ ‘ವೆಂಜನ್ಸ್ ಆನ್ ವಾರೋಸ್’ ಅನ್ನು ಕಳೆದುಕೊಳ್ಳುತ್ತಾರೆ. ಆ ಗ್ರಹದಲ್ಲಿ ಚಿತ್ರಹಿಂಸೆಯೇ ಟಿ.ವಿ.ಯ ಮನರಂಜನೆ; ಜನ ಮನೆಯಲ್ಲಿ ಕುಳಿತು ಗುಂಡಿ ಒತ್ತಿ ಮತ ಹಾಕುತ್ತಾರೆ, ಪ್ರಸ್ತಾಪ ಸೋತರೆ ರಾಜ್ಯಪಾಲನಿಗೇ ಪರದೆಯ ಮೇಲೆ ಶಿಕ್ಷೆ. ಕಥೆಯ ನಾಯಕ, ಖಳರನ್ನು ಒಮ್ಮೆಯೂ ಭೇಟಿಯಾಗದ ಅರಾಕ್, ಎಟ್ಟಾ ಎಂಬ ಗಂಡಹೆಂಡಿರು ತಮ್ಮ ಕೋಣೆಯಲ್ಲಿ ಗೊಣಗುತ್ತಾ ಎಲ್ಲವನ್ನೂ ನೋಡುತ್ತಾರೆ. ಕೊನೆಗೆ ಬಿಡುಗಡೆ ಸಿಕ್ಕಾಗ ಇನ್ನೇನು ಮಾಡುವುದೆಂದು ಅವರಿಗೆ ತೋಚುವುದಿಲ್ಲ. ಅಂದು ಹಿಂಸೆ ಹೆಚ್ಚಾಯಿತೆಂದು ದೂರಿದರು. ಇಂದು ನೋಡಿದರೆ, ಹಿಂಸೆಯನ್ನು ಸುಮ್ಮನೆ ನೋಡುತ್ತಾ ಕೂರುವವರ ಮೇಲೆ ಲೇಖಕ ಫಿಲಿಪ್ ಮಾರ್ಟಿನ್ ಹೊರಿಸಿದ ಆರೋಪಪಟ್ಟಿ ಇದು ಎಂದೇ ನನಗೆ ಕಾಣುತ್ತದೆ.

ವಾರಿಸ್ ಹುಸೇನ್ ಬಹುಪಾಲು ನಿರ್ದೇಶಿಸಿದ ಇನ್ನೊಂದು ಕಥಾನಕ ‘ಮಾರ್ಕೊ ಪೋಲೊ’. ಅದರ ಏಳು ಕಂತುಗಳಲ್ಲಿ ಒಂದೂ ಇಂದು ನೋಡಲು ಸಿಗುವುದಿಲ್ಲ. ಧ್ವನಿ ಮತ್ತು ಸ್ಥಿರಚಿತ್ರಗಳು ಮಾತ್ರ ಇವೆ. ಅದನ್ನು ಕೇಳಿದವರು ಮಹತ್ಕೃತಿ ಎನ್ನುತ್ತಾರೆ. ನಾನೂ ಕೇಳಿದ್ದೇನೆ, ಬಹಳ ಮೆಚ್ಚಿದ್ದೇನೆ. ಆದರೂ ‘ಎನಿಮಿ’ಯ ಉದಾಹರಣೆ ಕಣ್ಣೆದುರಿಗಿರುವಾಗ ಅದಕ್ಕೆ ಸ್ಥಾನ ನಿಗದಿ ಮಾಡಲು ನಾನು ಸಿದ್ಧನಿಲ್ಲ.

ನೀನು ಮೊದಲು ‘ದಿ ಆ್ಯಜ್ಟೆಕ್ಸ್’, ಆಮೇಲೆ ‘ದಿ ಎನಿಮಿ ಆಫ್ ದಿ ವರ್ಲ್ಡ್’ ನೋಡು. ದಿನಕ್ಕೆ ಒಂದೇ ಕಂತು ಎಂಬ ನಿಯಮವನ್ನು ಮಾತ್ರ ಮುರಿಯಬೇಡ. ಎರಡನೆಯದರ ನಾಲ್ಕನೆಯ ಕಂತು ಮುಗಿದ ಕೂಡಲೇ, ಮುಂದಿನದನ್ನು ನೋಡುವ ಮೊದಲು, ನನಗೊಂದು ಸಾಲು ಬರೆ. ಟ್ರೌಟನ್ ಮತ್ತು ಟಾಮ್ ಬೇಕರ್ ಇವರಲ್ಲಿ ಯಾರು ಹೆಚ್ಚು ಎಂಬ ನಮ್ಮ ಹಳೆಯ ವಾದವನ್ನು ಅಲ್ಲಿಂದ ಮುಂದುವರಿಸೋಣ. ನಾನು ಟ್ರೌಟನ್ ಪಕ್ಷವನ್ನು ಬಿಟ್ಟುಕೊಡುವುದಿಲ್ಲ.

ಇಂತಿ ನಿನ್ನ ಪ್ರೀತಿಯ ಗೆಳೆಯ