‘ಅಪರಿಚಿತ ವಾಹನ’ಕ್ಕೆ ಹತ್ತು ವರ್ಷ ಜೈಲೇ?

ಮಾನ್ಯ ಸಂಸದರಿಗೆ ನಮಸ್ಕಾರ.

ಮೊನ್ನೆ ನಮ್ಮೂರ ಸಭೆಯಲ್ಲಿ ನೀವು ಒಂದು ಮಾತು ಹೇಳಿದಿರಿ. ಗುದ್ದಿ ಓಡಿಹೋಗುವವರಿಗೆ 10 ವರ್ಷ ಜೈಲು ಅಂತ ಜಾರಿಯಾದರೆ ಎಲ್ಲರೂ ಹೆದರಿ ದಾರಿಗೆ ಬರುತ್ತಾರೆ ಅಂತ. ಚಪ್ಪಾಳೆ ಜೋರಾಗಿಯೇ ಬಿತ್ತು. ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ಯಾಕೋ ಸರಿ ಅನಿಸಲಿಲ್ಲ.

ಹಳೆಯ ದಂಡ ಸಂಹಿತೆಯಾದ ಐಪಿಸಿಯ 304ಎ ಕಲಂನಲ್ಲಿ ನಿರ್ಲಕ್ಷ್ಯದಿಂದ ಸಾವಾದರೆ ಹೆಚ್ಚೆಂದರೆ 2 ವರ್ಷ ಇತ್ತು. ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅದನ್ನು 5 ಮಾಡಿತು. ಪೊಲೀಸರಿಗೆ ತಿಳಿಸದೆ ಓಡಿಹೋದರೆ 10 ಅಂದಿತು. ಇದನ್ನು ವಿರೋಧಿಸಿ 2024ರ ಜನವರಿಯಲ್ಲಿ ಲಾರಿಯವರು ಮುಷ್ಕರ ಹೂಡಿದರು. ಆ ಜುಲೈ 1ಕ್ಕೆ ಸಂಹಿತೆ ಜಾರಿಗೆ ಬಂದಾಗ 10 ವರ್ಷದ ಉಪಕಲಂ ಒಂದನ್ನು ಮಾತ್ರ ಬದಿಗಿಟ್ಟರು. ಇದೆಲ್ಲ ನಿಮಗೆ ಗೊತ್ತಿರುವುದೇ.

ನಮ್ಮ ಬೀದಿಯಲ್ಲಿ ಬಹಳ ವರ್ಷ ಲಾರಿ ಓಡಿಸಿದವರೊಬ್ಬರಿದ್ದಾರೆ. ಅವರನ್ನೇ ಕೇಳಿದೆ. “ಗುದ್ದಿದ ಹೊತ್ತಲ್ಲಿ ಎರಡು ವರ್ಷವೋ ಹತ್ತು ವರ್ಷವೋ ಅಂತ ಯಾರು ಲೆಕ್ಕ ಹಾಕ್ತಾರೆ ಸಾರ್? ಇಳಿದ್ರೆ ಜನ ಬಡಿದು ಹಾಕ್ತಾರಾ, ಓಡಿದ್ರೆ ಸಿಕ್ಕಿಬೀಳ್ತೀನಾ, ಇಷ್ಟೇ ತಲೇಲಿ ಇರೋದು” ಅಂದರು.

ಸಿಕ್ಕಿಬೀಳ್ತೀನಾ ಅನ್ನುವುದೇ ಪ್ರಶ್ನೆ, ಅಲ್ವಾ? ಪೇಪರಿನಲ್ಲಿ ‘ಅಪರಿಚಿತ ವಾಹನ ಡಿಕ್ಕಿ, ಬೈಕ್ ಸವಾರ ಸಾವು’ ಅಂತ ಎಷ್ಟು ಸಲ ಓದಿಲ್ಲ? ಗಾಡಿ ಪತ್ತೆಯಾಗದಿದ್ದರೆ ಕೇಸು ಸಿ ರಿಪೋರ್ಟ್, ಅಂದರೆ ಆರೋಪಿ ಪತ್ತೆಯಾಗಲಿಲ್ಲ ಅನ್ನುವ ಪೊಲೀಸ್ ವರದಿ ಆಗಿ ಮುಗಿಯುತ್ತದೆ. ಅಂಥ ಕುಟುಂಬಕ್ಕೆ ಕೊಡುವ ಪರಿಹಾರವನ್ನು 2022ರಲ್ಲಿ 25,000ದಿಂದ 2 ಲಕ್ಷಕ್ಕೆ ಏರಿಸಿದ್ದು ಸರ್ಕಾರವೇ. ಗುದ್ದಿದವನು ಸಿಗದೇ ಹೋಗುವುದು ಎಷ್ಟು ಮಾಮೂಲಿ ಅಂತ ಅದಕ್ಕೂ ಗೊತ್ತು. ಸಿಗದವನಿಗೆ ಹತ್ತು ವರ್ಷ ಅಂದರೇನು, ಇಪ್ಪತ್ತು ಅಂದರೇನು?

ನಮ್ಮೂರ ಪಕ್ಕದ ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. ವೇಗ ಹಿಡಿಯುವ ಕ್ಯಾಮೆರಾ ಹಾಕಿದ ಮೇಲೆ ಅಲ್ಲಿ ಸಾವು ಎದ್ದು ಕಾಣುವಷ್ಟು ಇಳಿದಿದೆ. (2023ರ ಆಗಸ್ಟ್‌ನಿಂದ ಬೈಕು, ಆಟೋಗಳನ್ನು ಮುಖ್ಯ ರಸ್ತೆಗೆ ಬಿಡುತ್ತಿಲ್ಲ. ಅದರ ಪಾಲೂ ಇದೆ, ಒಪ್ಪುತ್ತೇನೆ.) ಅಲ್ಲಿ ಹೆಚ್ಚಿನವರಿಗೆ ಜೈಲಿನ ಭಯವಿಲ್ಲ. ಬೀಳುವುದು ಸಣ್ಣ ದಂಡ. ಆದರೆ ಅದು ಮೊಬೈಲಿಗೆ ಬಂದೇ ಬರುತ್ತದೆ ಅಂತ ಗೊತ್ತು. ಮೊದಲು ಹಾರಿಸಿಕೊಂಡು ಹೋಗುತ್ತಿದ್ದ ನನ್ನ ಭಾಮೈದ ಈಗ ಕ್ಯಾಮೆರಾ ಬರುವ ಮೊದಲೇ ಕಾಲು ತೆಗೆಯುತ್ತಾನೆ.

ಸಾಯುತ್ತಿರುವವನನ್ನು ರಸ್ತೆಯಲ್ಲಿ ಬಿಟ್ಟು ಹೋದವನ ಮೇಲೆ ನನಗೇನೂ ಕನಿಕರವಿಲ್ಲ. ಅವನಿಗೆ ಎಷ್ಟು ವರ್ಷ ಅನ್ನುವುದು ಅವನು ಸಿಕ್ಕ ಮೇಲಿನ ಮಾತು. ಸಿಗುವ ಹಾಗೆ ಮಾಡಲು ಹಳ್ಳಿ ರಸ್ತೆಗಳಿಗೂ ಕ್ಯಾಮೆರಾ ಬೇಕು, ಠಾಣೆಗಳಿಗೆ ಜನ ಬೇಕು. ಜನರ ಏಟಿಗೆ ಹೆದರಿ ಮುಂದಿನ ಠಾಣೆಗೆ ಹೋಗಿ ತಾನೇ ಹೇಳಿಕೊಳ್ಳುವ ಚಾಲಕನನ್ನು ಓಡಿಹೋದವನು ಅಂತ ಬರೆಯಬಾರದು.

ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆ ಕೇಳಿ ಸಾರ್. ಕಳೆದ ಐದು ವರ್ಷದಲ್ಲಿ ಗುದ್ದಿ ಓಡಿಹೋದ ಕೇಸುಗಳಲ್ಲಿ ಎಷ್ಟು ಗಾಡಿ ಪತ್ತೆಯಾಗಿವೆ, ಜಿಲ್ಲಾವಾರು? ಉತ್ತರ ಬಂದ ದಿನ ನಮ್ಮೂರಲ್ಲಿ ಇನ್ನೊಂದು ಸಭೆ ಮಾಡಿ. ನಾನು ಬರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ