ಮಗಳಿಗೊಂದು ಪತ್ರ: ಎರಡನೆಯ ಭಾನುವಾರದ ಕೂಟ

ಬಳ್ಳಾರಿ

ಚಿರಂಜೀವಿ ಮಗಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ಚಿಕಿತ್ಸೆ ಮುಗಿದು ಎರಡು ವರ್ಷವಾದ ಮೇಲೂ ಕ್ಯಾನ್ಸರ್ ಆದವರ ಕೂಟಕ್ಕೆ ಹೋಗಿ ಬೇರೆಯವರ ನೋವನ್ನೇಕೆ ಹೊತ್ತು ತರುತ್ತೀ ಎಂದು ಮೊನ್ನೆ ನೀನು ಫೋನಿನಲ್ಲಿ ಕೇಳಿದಾಗ ನಾನು ಮಾತು ಮರೆಸಿದೆ. ಅದಕ್ಕೆ ಉತ್ತರವನ್ನು ಬರೆದೇ ತಿಳಿಸಬೇಕೆನ್ನಿಸಿತು.

ಕೀಮೋ ನಡೆಯುತ್ತಿದ್ದಾಗ ನೀನು ರಜೆ ಹಾಕಿ ಬಂದು ಗಂಜಿ ಕುಡಿಸಿದೆ. ಬೆರಳ ತುದಿಗಳು ಜೋಮು ಹಿಡಿದು ರವಿಕೆಯ ಹುಕ್ಕು ಹಾಕಿಕೊಳ್ಳಲೂ ಆಗುತ್ತಿಲ್ಲವೆಂದು ಆಗ ನಿನ್ನೆದುರು ಹೇಳಲು ನನಗೆ ಬಾಯಿ ಬರಲಿಲ್ಲ. ನಿನ್ನ ಮುಖ ಅಷ್ಟು ಬಾಡಿತ್ತು. ಕೌಲ್ ಬಜಾರಿನ ಆ ಚಿಕ್ಕ ಕೋಣೆಯಲ್ಲಿ, ಜಮಖಾನೆಯ ಮೇಲೆ ಕುಳಿತ ಹನ್ನೊಂದು ಜನರ ನಡುವೆ ಅದನ್ನು ಹೇಳಿದೆ. ಯಾರೂ ಸಮಾಧಾನದ ಮಾತಾಡಲಿಲ್ಲ. ಒಬ್ಬಾಕೆ, 'ನನ್ನ ಹುಕ್ಕನ್ನು ಈಗಲೂ ನಮ್ಮ ಮನೆಯವರೇ ಹಾಕುತ್ತಾರೆ' ಎಂದಳು.

ಜೀನ್ಸ್ ಹೊಲಿಯುವ ಘಟಕದಲ್ಲಿ ದುಡಿಯುವ ಆಕೆಯೇ, ಸ್ತನ ತೆಗೆಸಿಕೊಂಡವರಿಗಾಗಿ ಮೆದುವಾದ ಬಟ್ಟೆಗೆ ಹತ್ತಿ ತುಂಬಿ, ರವಿಕೆಯೊಳಗೆ ಇಟ್ಟುಕೊಳ್ಳುವ ಮೆತ್ತೆಗಳನ್ನು ಹೊಲಿದುಕೊಡುತ್ತಾಳೆ. ನಿನ್ನ ಚಿಕ್ಕಪ್ಪನ ಮಗನ ಮದುವೆಯಲ್ಲಿ ನಾನು ನೆಟ್ಟಗೆ ನಿಂತು ಅಕ್ಷತೆ ಹಾಕಿದ್ದು ಅವಳ ಹೊಲಿಗೆಯ ದೆಸೆಯಿಂದ.

ಕೀಮೋ ಪಡೆದವರಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಓಡಬೇಕೆಂಬುದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತದ್ದು ಅಲ್ಲಿಯೇ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಚಿಕಿತ್ಸೆಗೆಂದು ಹೋಗುವವರು ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿದರೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ರೋಗಿಗೆ ಪೂರ್ತಿ, ಜೊತೆಗಾರರಿಗೆ ಶೇಕಡಾ 75ರಷ್ಟು ರಿಯಾಯಿತಿ ಇದೆಯೆಂಬುದೂ ಅಲ್ಲಿಯೇ ತಿಳಿಯಿತು. ಆದರೆ ಔಷಧಿಯ ವಿಚಾರದಲ್ಲಿ ನಾವು ಕಟ್ಟುನಿಟ್ಟು: ಅದನ್ನು ವೈದ್ಯರೇ ಹೇಳಬೇಕು. ಬೇರಿನ ಪುಡಿಯ ಪೊಟ್ಟಣಗಳನ್ನು ಮಾರಲು ಬಂದಾತನನ್ನು ಬಾಗಿಲಿನಿಂದಲೇ ಕಳುಹಿಸಿದೆವು.

ನೋವು ಇಲ್ಲವೆಂದು ನಾನು ಹೇಳಲಾರೆ. ಕಳೆದ ತಿಂಗಳು ನಮ್ಮ ಕೂಟದ ಮೇಷ್ಟ್ರು ತೀರಿಕೊಂಡರು. ಅವರು ಗೋಡೆಗೊರಗಿ ಕೂರುತ್ತಿದ್ದ ಜಾಗದಲ್ಲಿ ಆ ತಿಂಗಳ ಕೂಟದ ದಿನ ಯಾರೂ ಕೂರಲಿಲ್ಲ. ಅಂದು ಮನೆಗೆ ಬಂದು ನಾನು ಊಟ ಮಾಡಲಿಲ್ಲ. ಹಾಗಿದ್ದರೂ ಈ ತಿಂಗಳ ಎರಡನೆಯ ಭಾನುವಾರ ಮತ್ತೆ ಕೂಟಕ್ಕೆ ಹೋದೆ, ಏಕೆಂದರೆ ಸುಮಾರು ನಿನ್ನ ವಯಸ್ಸಿನ ಹುಡುಗಿಯೊಬ್ಬಳು ಹೊಸದಾಗಿ ಬರುತ್ತಿದ್ದಾಳೆ. ಕ್ಯಾನ್ಸರ್ ಅಂಟುರೋಗವಲ್ಲವೆಂದು ವೈದ್ಯರು ಹೇಳಿದರೂ ಅವಳ ಅತ್ತೆ ತಟ್ಟೆ, ಲೋಟಗಳನ್ನು ಬೇರೆ ಇಟ್ಟಿದ್ದಾರಂತೆ.

ನಾಡಿದ್ದು ಅವರ ಮನೆಗೆ ಹೋಗುತ್ತಿದ್ದೇನೆ. ಕುಡಿಯಲು ನೀರು ಕೇಳಿ, ಅವಳ ಲೋಟದಲ್ಲಿಯೇ ಕೊಡಿರೆಂದು ಅವಳ ಅತ್ತೆಗೆ ಹೇಳಬೇಕೆಂದಿದ್ದೇನೆ.

ಇಂತಿ,
ನಿನ್ನ ಅವ್ವ